ಫೌಂಡ್ರಿಯವರಿಗೆ ಯಾರಿದ್ದಾರೆ

2009ರ ಫೆಬ್ರವರಿಯಲ್ಲಿ, ಡೆಟ್ರಾಯಿಟ್‌ನ ಪಶ್ಚಿಮ ಭಾಗದ ಒಂದು ಮನೆಯಲ್ಲಿ, ಎಪ್ಪತ್ತೆಂಟು ವರ್ಷದ ನಿವೃತ್ತ ಫೌಂಡ್ರಿ ಕಾರ್ಮಿಕರೊಬ್ಬರು ನಿದ್ದೆಯಲ್ಲೇ ತೀರಿಕೊಂಡರು. ಬೆಳಿಗ್ಗೆ ಅವರನ್ನು ಎಬ್ಬಿಸಲು ಹೋದವರು ಅದೇ ಮನೆಯಲ್ಲಿ ಅವರ ಜೊತೆ ಅರ್ಧ ಆಯುಷ್ಯ ಕಳೆದ ಮಹಿಳೆ. ಇಬ್ಬರೂ ಮದುವೆ ಮಾಡಿಕೊಂಡಿರಲಿಲ್ಲ. ದೇಹವನ್ನು ಕೌಂಟಿಯ ಶವಾಗಾರಕ್ಕೆ ಒಯ್ದರು. ಮಾರನೆಯ ದಿನ ಆಕೆ ಇಸ್ತ್ರಿ ಮಾಡಿದ ಕಂದು ಸೂಟನ್ನು ತೋಳಿನ ಮೇಲೆ ಹಾಕಿಕೊಂಡು ಅಲ್ಲಿಗೆ ಹೋದರು. ಗಾಜಿನ ಹಿಂದಿದ್ದ ಗುಮಾಸ್ತರು ಕೇಳಿದ್ದು ಒಂದೇ: ನೀವು ಅವರಿಗೆ ಏನಾಗಬೇಕು?

ಕಾನೂನು ಒಪ್ಪುವಂಥ ಉತ್ತರ ಆಕೆಯ ಬಳಿ ಇರಲಿಲ್ಲ. ಸೂಟು ಮನೆಗೆ ವಾಪಸು ಬಂತು.

ಅವರ ರಕ್ತಸಂಬಂಧಿಕರನ್ನು ಹುಡುಕುವ ಕೆಲಸ ನನ್ನ ಕೈಗೆ ಬಂದದ್ದು ಮಾರ್ಚ್‌ನಲ್ಲಿ. ನಾನು ಕಾಪಿ ತಿದ್ದುತ್ತಿದ್ದ ಉಪನಗರದ ಪತ್ರಿಕೆ ಹಿಂದಿನ ವರ್ಷದ ಕೊನೆಗೆ ಡೆಸ್ಕನ್ನೇ ಮುಚ್ಚಿತ್ತು. ಆ ಪತ್ರಿಕೆಗೆ ನ್ಯಾಯಾಲಯದ ಪ್ರಕಟಣೆ ಕಳಿಸುತ್ತಿದ್ದ ಸೌತ್‌ಫೀಲ್ಡ್‌ನ ಒಬ್ಬ ವಕೀಲೆ, ಹೆಸರು ಅಥವಾ ತಾರೀಖು ಸರಿಹೊಂದದಿದ್ದಾಗ ನಾನು ಫೋನ್ ಮಾಡಿ ಕಾಡುತ್ತಿದ್ದುದನ್ನು ನೆನಪಿಟ್ಟುಕೊಂಡು ಕರೆಸಿದರು; ಆ ಮಹಿಳೆಯ ಕೇಸು ಈಗ ಅವರ ಬಳಿ ಇತ್ತು. ಕಚೇರಿ ಗೋಪುರದ ಮೇಲಿನ ಮಹಡಿಯಲ್ಲಿ ಅವರ ಕೋಣೆ. ಅದೇ ಮಹಡಿಯ ಉಳಿದ ಬಾಗಿಲುಗಳ ಮೇಲಿನ ಕಂಪನಿ ಹೆಸರುಗಳನ್ನು ಕೆರೆದು ತೆಗೆದಿದ್ದರು.

ವಕೀಲೆ ಕಾನೂನಿನ ಸಾಲನ್ನು ಬೆರಳು ಮಡಿಸಿ ಹೇಳಿದರು. ಗಂಡ ಅಥವಾ ಹೆಂಡತಿ. ಮಕ್ಕಳು. ಮೊಮ್ಮಕ್ಕಳು. ತಂದೆತಾಯಿ. ಒಡಹುಟ್ಟಿದವರು, ಅವರ ಸಂತಾನ. ಅದೂ ಇಲ್ಲವಾದರೆ ಅಜ್ಜ ಅಜ್ಜಿಯರಿಂದ ಇಳಿದು ಬಂದವರು. ಈ ಸಾಲಿನಲ್ಲಿ ಬದುಕಿರುವವರು ಒಬ್ಬರಿದ್ದರೂ ದೇಹದ ಹಕ್ಕು ಅವರದ್ದು. ಯಾರೂ ಇಲ್ಲವೆಂದು ಪ್ರಮಾಣ ಮಾಡಿ ತೋರಿಸಿದರೆ ಮಾತ್ರ, ಉಯಿಲು ವಾರಸುದಾರಿಕೆ ನೋಡುವ ಪ್ರೊಬೇಟ್ ನ್ಯಾಯಾಧೀಶರು ಆ ಮಹಿಳೆಗೆ ಕೊಡಬಹುದು. ಎರಡೂ ಆಗದೆ ದಿನ ಕಳೆದರೆ ಕೌಂಟಿಯೇ ಎಲ್ಲಾದರೂ ಸಾಮೂಹಿಕ ಗುಂಡಿಯಲ್ಲಿ ಇಳಿಸುತ್ತದೆ. ಆ ವರ್ಷ ಶವಾಗಾರದಲ್ಲಿ ಜಾಗ ಸಾಲುತ್ತಿರಲಿಲ್ಲ. ಹೂಳುವ ಖರ್ಚಿಗೆ ಹಣವಿಲ್ಲದೆ ಮನೆಯವರೇ ಬಿಟ್ಟುಹೋದ ದೇಹಗಳಿದ್ದವು.

“ಹಾಗಾದರೆ ನಾನು ಹುಡುಕಬೇಕೋ, ಹುಡುಕಬಾರದೋ?” ಎಂದೆ.

“ಹುಡುಕಬೇಕು. ಸಿಗದಿದ್ದರೆ ಒಳ್ಳೆಯದು,” ಎಂದರು ವಕೀಲೆ. “ಆದರೆ ಸಿಗಬಹುದು ಅನ್ನೋ ಹಾಗೆ ಹುಡುಕಬೇಕು.”

ತೀರಿಕೊಂಡವರನ್ನು ಇನ್ನು ಮುಂದೆ ಫೌಂಡ್ರಿಯವರು ಎಂದೇ ಕರೆಯುತ್ತೇನೆ, ಜೊತೆಗಿದ್ದ ಮಹಿಳೆಯನ್ನು ಸಂಗಾತಿ ಎಂದು. ಸಂಗಾತಿಯ ಮಾತೆಲ್ಲ ಇಂಗ್ಲಿಷಿನದು. ಡೆಟ್ರಾಯಿಟ್‌ನ ಕಪ್ಪು ಜನರ ಮನೆಮಾತಿನ ಆ ಲಯ ನನ್ನ ಕನ್ನಡಕ್ಕೆ ಪೂರ್ತಿ ಬಾರದು, ಅರ್ಥವನ್ನು ಮಾತ್ರ ಬಿಟ್ಟುಕೊಟ್ಟಿಲ್ಲ.

ಅವರ ಬೀದಿಯಲ್ಲಿ ಮೂರು ಮನೆಗೊಂದು ಮನೆ ಹಲಗೆ ಹೊಡೆದು ಮುಚ್ಚಿತ್ತು. ಸಂಗಾತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ನಿವೃತ್ತರಾದವರು, ಎಪ್ಪತ್ತು ದಾಟಿದವರು. ಒಳಗೆ ಬಾಗಿಲ ಪಕ್ಕ ಫೌಂಡ್ರಿಯವರ ಬೂಟುಗಳು ಇಟ್ಟಲ್ಲೇ ಇದ್ದವು. ಕಂದು ಸೂಟು ಮಲಗುವ ಕೋಣೆಯ ಬಾಗಿಲಿಗೆ ತೂಗುತ್ತಿತ್ತು. ನನ್ನ ಮುಂದೆ ಒಂದು ತುಂಡು ಪೌಂಡ್ ಕೇಕ್ ಇಟ್ಟು, ನಾನು ತಿನ್ನುವವರೆಗೂ ಮಾತು ಶುರುಮಾಡಲಿಲ್ಲ.

“ಮದುವೆ ಯಾಕೆ ಆಗಲಿಲ್ಲ ಅಂತ ಕೇಳಬೇಡ. ಎಲ್ಲರೂ ಕೇಳಿ ಆಯ್ತು. ಪಾದ್ರಿನೂ ಕೇಳಿದ. ಮೊದಲು ಒಂದು ಸಲ ಆಗಿದ್ದೆ, ಬೇಬಿ. ಅದರ ರುಚಿ ಸಾಕಾಗಿತ್ತು.”

“ಅವರ ಕಡೆಯವರು ಅಂತ ಯಾರಾದರೂ?”

“ಯಾರೂ ಇಲ್ಲ ಅಂತಿದ್ದ. ಅಮ್ಮ ಚಿಕ್ಕಂದಿನಲ್ಲೇ ಹೋದಳು. ಅಪ್ಪನೂ ಫೌಂಡ್ರಿ. ಅಣ್ಣಂದಿರು ಹೋದರು. ಒಬ್ಬಳು ಅಕ್ಕ ಇದ್ದಳು, ಅವಳ ಮಾತು ತೆಗೆದರೆ ಎದ್ದು ಹೋಗಿ ಹಿಮ ಗೋರುತ್ತಿದ್ದ. ಬೇಸಿಗೆಯಾದರೆ ಸುಮ್ಮನೆ ಎದ್ದು ಹೋಗುತ್ತಿದ್ದ.”

ಊರ ಹೊರಗಿನ ಸ್ಮಶಾನವೊಂದರಲ್ಲಿ ಇಬ್ಬರೂ ಸೇರಿ ಬಹಳ ಹಿಂದೆಯೇ ಅಕ್ಕಪಕ್ಕದ ಎರಡು ಜಾಗ ತೆಗೆದುಕೊಂಡಿದ್ದರು. ಮೇಪಲ್ ಮರದ ಬುಡದಲ್ಲಿ. ಅದರ ಫೋಟೊ ಫ್ರಿಜ್ ಬಾಗಿಲಿಗೆ ಅಂಟಿಸಿತ್ತು. ಆಕೆಗೆ ಬೇಕಾಗಿದ್ದು ಅಷ್ಟೇ. ಅವನನ್ನು ಅಲ್ಲಿ ಮಲಗಿಸಬೇಕು, ತನ್ನ ಸರದಿ ಬಂದಾಗ ಪಕ್ಕದಲ್ಲಿ ತಾನೂ ಮಲಗಬೇಕು.

ಕೆಲಸ ಹೀಗೆ ಸಾಗಿತು. ಅಮೆರಿಕದ ಜನಗಣತಿಯ ಹಾಳೆಗಳನ್ನು ಎಪ್ಪತ್ತೆರಡು ವರ್ಷ ಮುಚ್ಚಿಡುತ್ತಾರೆ. 2009ರಲ್ಲಿ ತೆರೆದಿದ್ದ ಕೊನೆಯ ಗಣತಿ 1930ರದು. ಫೌಂಡ್ರಿಯವರು ಹುಟ್ಟಿದ್ದು ಅದರ ಮರುವರ್ಷ. ಅಂದರೆ ತೆರೆದ ಯಾವ ಗಣತಿಯಲ್ಲೂ ಅವರಿಲ್ಲ. ಕೆಲಸಕ್ಕೆ ಸೇರುವಾಗ ಅವರು ತುಂಬಿದ್ದ ಸೋಷಿಯಲ್ ಸೆಕ್ಯುರಿಟಿ ಅರ್ಜಿಯ ಪ್ರತಿಗೆ ವಕೀಲೆಯ ಮೂಲಕ ಬರೆದು ಕಾದೆ. ಅದು ಬಂದಾಗ ತಂದೆತಾಯಿಯ ಹೆಸರು ಸಿಕ್ಕಿತು. ಆ ಹೆಸರು ಹಿಡಿದು 1930ರ ಗಣತಿಗೆ ಹೋದರೆ ಹೇಸ್ಟಿಂಗ್ಸ್ ಸ್ಟ್ರೀಟ್‌ಗೆ ತಾಗಿದ ಒಂದು ಬಾಡಿಗೆ ಮನೆಯಲ್ಲಿ ಕುಟುಂಬ ಇತ್ತು: ಜಾರ್ಜಿಯಾದಲ್ಲಿ ಹುಟ್ಟಿದ ಗಂಡ ಹೆಂಡತಿ, ಇಬ್ಬರು ಗಂಡುಮಕ್ಕಳು, ಆರು ವರ್ಷದ ಒಬ್ಬಳು ಹೆಣ್ಣುಮಗಳು. ಆ ಬೀದಿ ಈಗಿಲ್ಲ. ಕಪ್ಪು ಜನರ ಆ ಇಡೀ ಕೇರಿಯನ್ನು ಕೆಡವಿ ಅದರ ಮೇಲೆ ಫ್ರೀವೇ ಹಾಯಿಸಿದ್ದಾರೆ. ವಾರೆನ್‌ನಲ್ಲಿ ಕೆಲಸ ಮಾಡುವ ನನ್ನ ಗಂಡ ಅಷ್ಟು ವರ್ಷವೂ ಆ ಮನೆಯ ಮೇಲೆಯೇ ಡ್ರೈವ್ ಮಾಡಿಕೊಂಡು ಡೌನ್‌ಟೌನ್‌ಗೆ ಹೋಗಿಬಂದಿರಬೇಕು.

ಅವನು ಕಾರ್ ಕಂಪನಿಯ ಟೆಕ್ನಿಕಲ್ ಸೆಂಟರಿನಲ್ಲಿ ಎಂಜಿನಿಯರ್. ಆ ತಿಂಗಳುಗಳಲ್ಲಿ ಭಾನುವಾರ ಬಂತೆಂದರೆ ಮನೆಯಲ್ಲಿ ಮಾತು ಕಡಿಮೆಯಾಗುತ್ತಿತ್ತು.

“ನಾಳೆ ಗೇಟಲ್ಲಿ ಬ್ಯಾಡ್ಜ್ ಕೆಲಸ ಮಾಡಿದ್ರೆ ನಂಗೆ ಕೆಲಸ ಇದೆ ಅಂತ ಲೆಕ್ಕ,” ಅನ್ನುತ್ತಿದ್ದ. “ನಿಂದೇ ವಾಸಿ ಕಣೇ. ಸತ್ತವರ ಫೀಲ್ಡಿಗೆ ರಿಸೆಷನ್ ಇಲ್ಲ.”

ರಿಸೆಷನ್ ಅಲ್ಲಿಗೂ ಬಂದಿತ್ತು. ಡೌನ್‌ಟೌನ್ ಲೈಬ್ರರಿಯ ಇತಿಹಾಸ ವಿಭಾಗ ವಾರದ ಅರ್ಧ ದಿನಗಳು ಬಾಗಿಲು ಹಾಕುತ್ತಿತ್ತು. ತೆರೆದ ದಿನ ಮೈಕ್ರೋಫಿಲ್ಮ್ ಯಂತ್ರದ ಮುಂದೆ ಮೊದಲೇ ಹೋಗಿ ಕೂರಬೇಕಿತ್ತು, ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡಿಸುವವರು ಇರಲಿಲ್ಲ. ಅಲ್ಲಿ ನೋಡಿದ್ದು ಮುಖ್ಯವಾಗಿ ಎರಡು ಬಗೆಯ ದಾಖಲೆ. ಒಂದು, ಊರಿನ ಡೈರೆಕ್ಟರಿಗಳು. ಯಾವ ವರ್ಷ ಯಾರು ಯಾವ ಮನೆಯಲ್ಲಿದ್ದರು, ಏನು ಕೆಲಸ ಎಂಬುದು. ಇನ್ನೊಂದು, ಕಪ್ಪು ಸಮುದಾಯದ ವಾರಪತ್ರಿಕೆಗಳು. ಊರಿನ ದೊಡ್ಡ ಪತ್ರಿಕೆಗಳು ಆ ಕಾಲದಲ್ಲಿ ಈ ಜನರ ಮದುವೆ, ಸಾವುಗಳನ್ನು ಅಚ್ಚು ಹಾಕುತ್ತಿದ್ದುದು ಅಪರೂಪ. ವಾರಪತ್ರಿಕೆಗಳಲ್ಲಿ ಯಾರ ಮನೆಗೆ ಯಾವ ಊರಿನಿಂದ ನೆಂಟರು ಬಂದಿದ್ದರು ಎಂಬುದೂ ಇರುತ್ತಿತ್ತು. ಡೆಸ್ಕಿನಲ್ಲಿ ಕಲಿತ ನಿಯಮವನ್ನೇ ಇಲ್ಲೂ ಇಟ್ಟುಕೊಂಡೆ: ಎರಡು ಕಡೆ ಸಿಗದ ಸಂಗತಿ ಸಂಗತಿಯಲ್ಲ.

ಇಬ್ಬರು ಅಣ್ಣಂದಿರ ಸಾವು ಬೇಗ ಖಚಿತವಾಯಿತು. ಒಬ್ಬ ಕೊರಿಯಾ ಯುದ್ಧದಲ್ಲಿ, ಮದುವೆಯಿಲ್ಲದೆ. ಇನ್ನೊಬ್ಬ ಮಕ್ಕಳಿಲ್ಲದೆ, ಬಹಳ ತಡವಾಗಿ. ತಂದೆಯ ಕಡೆ ಮೇಲಕ್ಕೆ ಹೋದೆ. ಜಾರ್ಜಿಯಾದ 1880ರ ಗಣತಿಯಲ್ಲಿ ಅಜ್ಜ ಹತ್ತು ವರ್ಷದ ಹುಡುಗ. 1870ರಲ್ಲಿ ಅವನ ತಂದೆತಾಯಿ, ಅವನು ಕೈಗೂಸು. ಅದಕ್ಕಿಂತ ಹಿಂದೆ ಹೆಸರುಗಳಿಲ್ಲ. 1860ರ ಗುಲಾಮರ ಹಾಳೆಯಲ್ಲಿ ಯಜಮಾನನ ಹೆಸರಿನ ಕೆಳಗೆ ಗಂಡು, ಹೆಣ್ಣು, ವಯಸ್ಸು, ಮೈಬಣ್ಣ, ಅಷ್ಟೇ. ವಯಸ್ಸು ಹೊಂದುವ ಒಂದು ಗಂಡು ಮತ್ತು ಒಂದು ಹೆಣ್ಣು ಅಲ್ಲಿವೆ. ಅವರೇ ಇರಬಹುದು. ಇರಬಹುದು ಎಂಬುದನ್ನು ನಾನು ಬರೆದುಕೊಳ್ಳುವುದಿಲ್ಲ. ಅಜ್ಜನ ಗಂಡುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹಿಡಿದು ಕೆಳಕ್ಕೆ ಬಂದೆ. ಎಲ್ಲ ಗೆರೆಗಳೂ ಎಲ್ಲೋ ಒಂದು ಕಡೆ ನಿಂತುಹೋದವು.

ಅಕ್ಕನದು ಹೀಗೆ. ರೈಲಿನ ಮಲಗುವ ಬೋಗಿಗಳಲ್ಲಿ ಪೋರ್ಟರ್ ಆಗಿದ್ದವನ ಜೊತೆ ಡೆಟ್ರಾಯಿಟ್‌ನಲ್ಲಿ ಮದುವೆ. 1947ರಲ್ಲಿ ಸಾವು. ವಾರಪತ್ರಿಕೆಯ ಸಾವಿನ ಸುದ್ದಿ ನಾಲ್ಕು ಸಾಲಿನದು: ಶಿಕಾಗೋದಲ್ಲಿ, ಅತ್ತೆಯ ಮನೆಯಲ್ಲಿ ನಿಧನ; ಗಂಡ, ತಂದೆ, ಸೋದರರನ್ನು ಅಗಲಿದ್ದಾರೆ. ನಾನು ಬರೆದ ವಂಶಾವಳಿಯ ಚಾರ್ಟಿನಲ್ಲಿ ಆಕೆಯ ಹೆಸರಿನ ಮುಂದೆ ಸೊನ್ನೆ ಸುತ್ತಿದೆ.

ಆ ಸೊನ್ನೆ ಎಲ್ಲಿಂದ ಬಂತೆಂದು ಹೇಳಬೇಕು. ಮೈಸೂರಿನ ನಮ್ಮ ಮನೆಯಲ್ಲಿ ತಾತ ಬರೆದ ವಂಶವೃಕ್ಷ ಇತ್ತು. ಗಂಡುಮಕ್ಕಳ ಹೆಸರಿನಿಂದ ಕೆಳಕ್ಕೆ ಗೆರೆ ಇಳಿಯುತ್ತಿತ್ತು. ಹೆಣ್ಣುಮಕ್ಕಳ ಹೆಸರಿನ ಮುಂದೆ ಒಂದು ಸೊನ್ನೆ: ಬೇರೆ ಗೋತ್ರಕ್ಕೆ ಕೊಟ್ಟಾಯಿತು, ಇಲ್ಲಿಗೆ ಮುಗಿಯಿತು. ಮೇಜಿನ ಮೇಲೆ ದೊಡ್ಡ ಹಾಳೆ ಹರಡಿ ಪೆನ್ಸಿಲ್ ಹಿಡಿದಾಗ ನನ್ನ ಕೈ ಅದೇ ಚಿತ್ರವನ್ನು ಬರೆಯಿತು. ಕಾನೂನಿನ ಸಾಲು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಏಪ್ರಿಲ್ ಮುಗಿಯುವ ಹೊತ್ತಿಗೆ ಪ್ರಮಾಣಪತ್ರದ ಕರಡು ಸಿದ್ಧವಾಯಿತು. ಯಾರೂ ಇಲ್ಲ. ವಕೀಲೆ ವಿಚಾರಣೆಗೆ ದಿನ ಕೇಳಿದರು. ಕೆಲವು ಊರುಗಳ ಹೆಸರು ಖಚಿತಪಡಿಸಿಕೊಳ್ಳಲೆಂದು ಚಾರ್ಟನ್ನು ಸಂಗಾತಿಯ ಮನೆಗೆ ಒಯ್ದೆ. ಆಕೆ ಹೂವಿನ ಅಂಗಡಿಗೆ ಆಗಲೇ ಫೋನ್ ಮಾಡಿದ್ದರು. ಊಟದ ಮೇಜಿನ ಮೇಲೆ ಹಾಳೆ ಬಿಡಿಸಿ, ಕನ್ನಡಕ ಹಾಕಿಕೊಂಡು, ಬೆರಳಿನಿಂದ ಗೆರೆ ಹಿಡಿದು ಜಾರ್ಜಿಯಾದವರೆಗೂ ಹೋಗಿಬಂದರು. ಅವನಿಗೆ ಇದನ್ನು ತೋರಿಸಬೇಕಿತ್ತು ಎಂದರು. ಆಮೇಲೆ ಬೆರಳು ನಿಂತಿತು.

“ಈ ಗುಂಡಗಿರೋವೆಲ್ಲ ಏನು?”

“ಹೆಣ್ಣುಮಕ್ಕಳು.”

“ಏನಾಯ್ತು ಇವರಿಗೆ? ಎಲ್ಲರೂ ಒಟ್ಟಿಗೆ ಸತ್ತರಾ?”

“ಇಲ್ಲ ಮ್ಯಾಮ್. ಮದುವೆಯಾಯಿತು.”

ಆಕೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಜೋರಾಗಿ ನಕ್ಕರು. “ಮದುವೆ ಕೆಟ್ಟದ್ದು ಅಂತ ನನಗೂ ಗೊತ್ತು ಬೇಬಿ, ಆದರೆ ಅಷ್ಟು ಕೆಟ್ಟದ್ದಾ? ನಿಮ್ಮೂರಲ್ಲಿ ಮದುವೆಯಾದ ಹುಡುಗಿಯರನ್ನ ಹೀಗೆ ಸುತ್ತಿ ಬಿಸಾಕ್ತೀರಾ?”

ನಾನೂ ನಕ್ಕೆ. ಕಾರಿನಲ್ಲಿ ಕೂತಮೇಲೆ ನಗು ನಿಂತಿತು. ಅಕ್ಕನ ವಿಷಯದಲ್ಲಿ ನನ್ನ ಕೈಯಲ್ಲಿದ್ದ ಆಧಾರ ಒಂದೇ, ಆ ನಾಲ್ಕು ಸಾಲಿನ ಸುದ್ದಿ. ಬೇರೆ ಎಲ್ಲರಿಗೂ ಎರಡೆರಡು ಆಧಾರ ಹುಡುಕಿದ್ದೆ.

ಫೋಟೊಕಾಪಿಯನ್ನು ಸ್ಟಿಯರಿಂಗ್ ಮೇಲಿಟ್ಟುಕೊಂಡು ಮತ್ತೆ ಓದಿದೆ. ಅದೇ ವರ್ಷದ ಡೈರೆಕ್ಟರಿಯಲ್ಲಿ ಗಂಡ ಹೆಂಡತಿ ಇಬ್ಬರೂ ಡೆಟ್ರಾಯಿಟ್‌ನ ವಿಳಾಸದಲ್ಲಿದ್ದಾರೆ. ಗಂಡನ ಕೆಲಸ ರೈಲಿನಲ್ಲಿ, ಮನೆಯಲ್ಲಿ ಇರುವುದೇ ಕಡಿಮೆ. ಇಪ್ಪತ್ಮೂರು ವರ್ಷದ ಹೆಂಗಸು ಸ್ವಂತ ಮನೆ ಬಿಟ್ಟು ಶಿಕಾಗೋದ ಅತ್ತೆಯ ಮನೆಯಲ್ಲಿ ಏನು ಮಾಡುತ್ತಿದ್ದಳು? ಕಾಯಿಲೆಯಿದ್ದರೆ ಡೆಟ್ರಾಯಿಟ್‌ನಲ್ಲಿ ಆಸ್ಪತ್ರೆ ಇತ್ತು. ನಮ್ಮ ಕಡೆ ಆ ವಯಸ್ಸಿನ ಹೆಂಗಸು ಗಂಡನ ಮನೆ ಬಿಟ್ಟು ಬೇರೆ ಮನೆಯಲ್ಲಿ ತಿಂಗಳುಗಟ್ಟಲೆ ಇರಲು ಹೋಗುವ ಕಾರಣ ಒಂದೇ. ತಾಯಿ ಇದ್ದರೆ ತಾಯಿಯ ಮನೆಗೆ ಹೋಗುತ್ತಾಳೆ. ಈಕೆಗೆ ತಾಯಿ ಇರಲಿಲ್ಲ.

ವಕೀಲೆಗೆ ಫೋನ್ ಮಾಡಿ ಪ್ರಮಾಣಪತ್ರ ತಡೆಹಿಡಿಯಿರಿ ಎಂದೆ. ಅವರು ಕ್ಯಾಲೆಂಡರಿನ ಹಾಳೆ ತಿರುವುವ ಸದ್ದು ಕೇಳಿತು. ಆಮೇಲೆ, “ವಿಚಾರಣೆ ಮುಂದಕ್ಕೆ ಹಾಕಿಸ್ತೀನಿ. ಒಂದೇ ಸಲ,” ಎಂದರು.

ಐ-94 ಹೆದ್ದಾರಿ ಹಿಡಿದು ಶಿಕಾಗೋಗೆ ಹೋದೆ. ಉಳಿದುಕೊಂಡದ್ದು ಅಲ್ಲಿನ ಉಪನಗರ ವೆಸ್ಟ್‌ಮಂಟ್‌ನಲ್ಲಿ, ಪರಿಚಯದ ಒಬ್ಬ ಆಂಟಿಯ ಮನೆಯಲ್ಲಿ. ಮೈಸೂರಿನವರು, ಸ್ತ್ರೀರೋಗ ವೈದ್ಯೆಯಾಗಿ ನಿವೃತ್ತರಾದವರು. ಬಿಸಿಬೇಳೆಬಾತ್ ಬಡಿಸುತ್ತಾ ಕೇಳಿದರು, “ಯಾರೋ ಏನೋ, ಅವರಿಗೋಸ್ಕರ ಇಷ್ಟು ದೂರ ಒಬ್ಳೇ ಡ್ರೈವ್ ಮಾಡ್ಕೊಂಡು ಬಂದಿದೀಯ. ಏನಮ್ಮ ಅಂಥದ್ದು?”

ಹೇಳಿದೆ.

“ಬಾಣಂತನಕ್ಕೆ ಅತ್ತೆ ಮನೆಗೆ,” ಎಂದರು ಆಂಟಿ. “ಪಾಪ. ಆ ಕಾಲದಲ್ಲಿ ಮನೇಲೇ ಹೆರಿಗೆ ಆಗಿದ್ರೆ, ರಕ್ತ ನಿಲ್ಲದೇ ಹೋದ್ರೆ ಮುಗೀತು. ಮೊದಲು ಡೆತ್ ಸರ್ಟಿಫಿಕೇಟ್ ನೋಡು. ಮಗು ಆಮೇಲೆ.”

ಶಿಕಾಗೋ ಇರುವ ಇಲಿನಾಯ್‌ನಲ್ಲಿ ಅಷ್ಟು ಹಳೆಯ ಸಾವಿನ ದಾಖಲೆ ಯಾರಿಗಾದರೂ ಸಿಗುತ್ತದೆ, 1947ರ ಹುಟ್ಟಿನ ದಾಖಲೆ ಸಂಬಂಧಿಕರಿಗೆ ಮಾತ್ರ. ಕೌಂಟಿ ಕಚೇರಿಯಲ್ಲಿ ಕಾದು ಸಾವಿನದನ್ನು ತೆಗೆಸಿದೆ. ಕಾರಣ: ಹೆರಿಗೆಯ ನಂತರದ ರಕ್ತಸ್ರಾವ. ಹೂಳಿದ್ದು ಊರಿನ ದಕ್ಷಿಣಕ್ಕಿರುವ ಒಂದು ಸ್ಮಶಾನದಲ್ಲಿ, ಅತ್ತೆಯ ಮನೆಯವರ ಜಾಗದಲ್ಲಿ. ಮಗು ಉಳಿಯಿತೋ ಇಲ್ಲವೋ ಅದರಲ್ಲಿಲ್ಲ.

ಸಾವಿನ ವಿಳಾಸದಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಚರ್ಚ್ ಇನ್ನೂ ಇತ್ತು. ಅಲ್ಲಿನ ಕಾರ್ಯದರ್ಶಿ ನಾನು ಯಾರು, ಯಾರ ಪರವಾಗಿ ಬಂದಿದ್ದೇನೆ ಎಂದು ವಕೀಲೆಗೆ ಫೋನ್ ಮಾಡಿ ಕೇಳಿದ ಮೇಲೆಯೇ ಹಳೆಯ ದೀಕ್ಷಾಸ್ನಾನದ ಪುಸ್ತಕ ತಂದದ್ದು. 1947ರ ಕೊನೆಯಲ್ಲಿ ಒಂದು ಹೆಣ್ಣುಮಗು. ತಂದೆ, ಪೋರ್ಟರ್. ತಾಯಿ, ಮೃತರು. ಎತ್ತಿಕೊಂಡು ಬಂದವರು, ಅಜ್ಜಿ.

ಎರಡನೆಯ ಆಧಾರ ಸೌತ್ ಸೈಡ್‌ನ ಒಂದು ಲೈಬ್ರರಿಯಲ್ಲಿ ಸಿಕ್ಕಿತು. ಕಪ್ಪು ಸಮುದಾಯದಲ್ಲಿ ಅಂತ್ಯಕ್ರಿಯೆಗೆ ಬಂದವರಿಗೆ ಒಂದು ಅಚ್ಚುಮಾಡಿದ ಕಿರುಪುಸ್ತಿಕೆ ಕೊಡುವ ರೂಢಿ ಇದೆ. ಫೋಟೊ, ಬದುಕಿನ ಕಥೆ, ಕೊನೆಯಲ್ಲಿ ಉಳಿದವರ ಹೆಸರುಗಳು, ಯಾರು ಏನಾಗಬೇಕು ಎಂಬುದರ ಸಮೇತ. ಜನ ಅವನ್ನು ಬೈಬಲಿನೊಳಗೆ ಇಟ್ಟು ಕಾಪಾಡುತ್ತಾರೆ, ಲೈಬ್ರರಿಗಳು ಪೆಟ್ಟಿಗೆಗಳಲ್ಲಿ ಇಡುತ್ತವೆ. ಆ ಅತ್ತೆ ತೀರಿಕೊಂಡದ್ದು ಎಪ್ಪತ್ತರ ದಶಕದಲ್ಲಿ. ಅವರ ಪುಸ್ತಿಕೆಯಲ್ಲಿ, ಮಕ್ಕಳ ಹೆಸರುಗಳಿಗಿಂತ ಮೊದಲು, ತನ್ನ ಮಗಳಂತೆ ಸಾಕಿದ ಮೊಮ್ಮಗಳ ಹೆಸರಿತ್ತು, ಗಂಡನ ಮನೆಯ ಹೆಸರಿನ ಜೊತೆ. ಆ ಹೆಸರು ಊರಿನ ದಕ್ಷಿಣದ ಒಂದು ಉಪನಗರದ 2009ರ ಫೋನ್ ಪುಸ್ತಕದಲ್ಲೂ ಇತ್ತು.

ನಾನು ಫೋನ್ ಮಾಡಲಿಲ್ಲ. ಅದು ವಕೀಲೆಯ ಕೆಲಸ.

ಡೆಟ್ರಾಯಿಟ್‌ಗೆ ಮರಳುವಾಗ ಸಂಗಾತಿಯೇ ಫೋನ್ ಮಾಡಿದರು. ಸುಳ್ಳು ಹೇಳುವುದಕ್ಕಿಂತ ಎದುರು ಹೋಗುವುದು ಮೇಲೆನಿಸಿ ನೇರ ಅವರ ಮನೆಗೆ ಹೋದೆ. ಆ ದಿನ ಮೇಜಿನ ಮೇಲೆ ಕೇಕ್ ಇರಲಿಲ್ಲ.

“ಸಿಕ್ಕಿತಲ್ಲ?”

“ಸಿಕ್ಕಿತು ಮ್ಯಾಮ್. ಅಕ್ಕನಿಗೆ ಮಗಳಿದ್ದಾಳೆ.”

“ಬದುಕಿದ್ದಾಳಾ?”

“ಇರಬೇಕು. ವಕೀಲರು ವಿಚಾರಿಸುತ್ತಾರೆ.”

“ವಕೀಲೆಗೆ ಹೇಳಿದೆಯಾ?”

“ಇನ್ನೂ ಇಲ್ಲ.”

ಆಕೆ ಎದ್ದು ಹೋಗಿ ಬಾಗಿಲಿಗೆ ತೂಗುತ್ತಿದ್ದ ಸೂಟಿನ ಭುಜದ ಮೇಲಿನ ಧೂಳು ಕೊಡವಿದರು. ಧೂಳೇನೂ ಇರಲಿಲ್ಲ.

“ಹಾಗಾದರೆ ನಿನಗೆ ಗೊತ್ತು, ನನಗೆ ಗೊತ್ತು. ಇಬ್ಬರೇ.”

ಪ್ರತಿಗಳಿದ್ದ ಚೀಲವನ್ನು ನಾನು ಮಡಿಲಿಗೆ ಎಳೆದುಕೊಂಡೆ.

“ಅವನ ಉಗುರು ಕತ್ತರಿಸಿದ್ದು ನಾನು. ಕೆಮ್ಮಿದರೆ ಎದ್ದು ಕೂರಿಸಿದ್ದು ನಾನು. ಅರವತ್ತು ವರ್ಷ ಮೇಲಾಯ್ತು, ಒಂದು ದಿನ ಆ ಹುಡುಗಿ ಬಂದು ಬಾಗಿಲು ತಟ್ಟಿದ್ದು ನಾನು ನೋಡಲಿಲ್ಲ. ನಿನ್ನ ಕಾಗದದಲ್ಲಿ ಆ ಸೊನ್ನೆ ಇತ್ತಲ್ಲ, ಹಾಗೇ ಬಿಟ್ಟುಬಿಡು. ನೀನೇನೂ ಬರೆಯೋದು ಬೇಡ. ಬರೆದಿದ್ದನ್ನ ಹಾಗೇ ಬಿಡು ಅಷ್ಟೇ.”

“ಪ್ರಮಾಣ ಮಾಡಿ ಸಹಿ ಹಾಕಬೇಕು, ಮ್ಯಾಮ್.”

“ನಿನ್ನ ಸೊನ್ನೆ ಚೆನ್ನಾಗಿತ್ತು ಬೇಬಿ,” ಎಂದರು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ. “ನಾನೇ ಬಾಯಿ ಬಿಟ್ಟೆ.”

ವಕೀಲೆಗೆ ವರದಿ ಕೊಡಲು ನಾನು ಮಾರನೆಯ ದಿನದವರೆಗೆ ಕಾದೆ. ಪ್ರಮಾಣದ ಮಾತು ನಿಜವಾದರೂ ಅದೇ ಪೂರ್ತಿ ಕಾರಣವಲ್ಲ. ಆ ಪುಸ್ತಕವನ್ನಾಗಲಿ ಪುಸ್ತಿಕೆಯನ್ನಾಗಲಿ ಇನ್ನೊಬ್ಬರು ಹುಡುಕಿಕೊಂಡು ಹೋಗುವ ಸಂಭವ ಕಡಿಮೆ. ಮೇಪಲ್ ಮರದ ಕೆಳಗೆ ಅವರನ್ನು ಮಲಗಿಸಿದ್ದರೆ ಯಾರಿಗೂ ಕಾಣುವಂಥ ನಷ್ಟ ಆಗುತ್ತಿರಲಿಲ್ಲ. ಆದರೆ ಆ ನಾಲ್ಕು ಸಾಲಿನ ಸುದ್ದಿಯನ್ನು ಬರೆಸಿದವರು ಡೆಟ್ರಾಯಿಟ್‌ನ ಮನೆಯವರು. ಯಾರ ಹೆಸರು ಇರಬೇಕು, ಯಾರದು ಬೇಡ ಎಂದು ಹೇಳಿದವರು ಅವರು, ಹೇಳಿದಂತೆ ಅಚ್ಚು ಹಾಕಿದವರು ಪತ್ರಿಕೆಯವರು. 1947ರಲ್ಲಿ ಒಂದು ಸಲ ಆ ಮಗುವನ್ನು ಬಿಟ್ಟಿದ್ದರು. ಸೊನ್ನೆಯನ್ನು ಹಾಗೇ ಬಿಟ್ಟಿದ್ದರೆ ಎರಡನೆಯ ಸಲ ಬಿಟ್ಟವಳು ನಾನಾಗುತ್ತಿದ್ದೆ. ಬೆಳಿಗ್ಗೆ ಸೌತ್‌ಫೀಲ್ಡ್‌ಗೆ ಹೋಗಿ ಮೂರೂ ಪ್ರತಿಗಳನ್ನು ವಕೀಲೆಯ ಮೇಜಿನ ಮೇಲಿಟ್ಟೆ.

ಅಕ್ಕನ ಮಗಳು ಬದುಕಿದ್ದರು. ಅರವತ್ತು ದಾಟಿದ ವಿಧವೆ. ಸ್ಕೂಲ್ ಬಸ್ಸುಗಳನ್ನು ಕಳಿಸುವ ಕಚೇರಿಯಲ್ಲಿದ್ದ ಕೆಲಸ ಆ ಚಳಿಗಾಲದಲ್ಲಿ ಹೋಗಿತ್ತು. ಹೊರೆ ಬೇಡವೆಂದು ಸಹಿ ಮಾಡಿ ಬಿಟ್ಟುಕೊಡುತ್ತಾರೆ ಎಂದು ವಕೀಲೆ ಅಂದುಕೊಂಡಿದ್ದರು. ನಾನೂ ಅಂದುಕೊಂಡಿದ್ದೆ. ಸಂಗಾತಿಗೂ ಅಷ್ಟು ಆಸೆ ಹುಟ್ಟಿತ್ತು. ಮೇ ತಿಂಗಳಲ್ಲಿ ಅಕ್ಕನ ಮಗಳು ಬಸ್ಸಿನಲ್ಲಿ ಡೆಟ್ರಾಯಿಟ್‌ಗೆ ಬಂದರು. ವಕೀಲೆಯ ಕೋಣೆಯಲ್ಲಿ ಇಬ್ಬರು ಹೆಂಗಸರೂ ಎದುರುಬದುರು ಕೂತರು. ಗೋಡೆಯ ಪಕ್ಕ ನಾನು.

ಸಂಗಾತಿ ಫೌಂಡ್ರಿಯವರ ಫೋಟೊ ತಂದಿದ್ದರು. ಅಕ್ಕನ ಮಗಳು ಬಹಳ ಹೊತ್ತು ಅದನ್ನು ನೋಡಿದರು.

“ನನ್ನ ಕಿವಿ,” ಎಂದರು ಕೊನೆಗೆ.

“ಕೇಳೋ ಕಿವಿ ಅಲ್ಲ ಅದು,” ಎಂದರು ಸಂಗಾತಿ. “ಎಷ್ಟು ಕೂಗಿದರೂ ಕೇಳ್ತಿರಲಿಲ್ಲ.”

ಇಬ್ಬರೂ ನಕ್ಕರು. ವಕೀಲೆ ಕಾಗದಗಳನ್ನು ಮುಂದಿಟ್ಟರು.

“ಅಜ್ಜಿ ಹೇಳ್ತಿದ್ದಳು,” ಎಂದರು ಅಕ್ಕನ ಮಗಳು, ಪೆನ್ ಮುಟ್ಟದೆ. “ನಮ್ಮಮ್ಮನ ಮಣ್ಣಿಗೆ ಇವರು ಬಂದಿದ್ದರಂತೆ. ಹದಿನಾರು ವರ್ಷದ ಹುಡುಗ. ನನ್ನನ್ನ ಎತ್ತಿಕೋ ಅಂತ ಕೊಟ್ಟರೆ ಗೋಡೆ ಕಡೆ ತಿರುಗಿದನಂತೆ. ಆಮೇಲೆ ಆ ಕಡೆಯಿಂದ ಒಂದು ಕಾರ್ಡೂ ಬರಲಿಲ್ಲ.”

“ಹಾಗಿದ್ದ ಮೇಲೆ ನಿನಗೆ ಅವನು ಯಾಕೆ?” ಎಂದರು ಸಂಗಾತಿ. “ನನಗೆ ಕೊಡು.”

“ಮ್ಯಾಮ್, ನಮ್ಮಮ್ಮ ಅರವತ್ತೆರಡು ವರ್ಷದಿಂದ ಅಲ್ಲಿ ಪರರ ನಡುವೆ ಮಲಗಿದ್ದಾಳೆ. ಎಲ್ಲ ನಮ್ಮಪ್ಪನ ಕಡೆಯವರು. ಅವಳ ಜನ ಅಂತ ಒಬ್ಬರೂ ಪಕ್ಕದಲ್ಲಿಲ್ಲ. ನಾನು ಪ್ರತಿ ವರ್ಷ ಹೂವಿಟ್ಟು ಬರೋವಾಗ ಅದೇ ನೋಡ್ತೀನಿ. ಅವನನ್ನ ಅವಳ ಪಕ್ಕ ಮಲಗಿಸ್ತೀನಿ.”

“ಪಕ್ಕ ಅಂದ್ರೆ ನನ್ನ ಪಕ್ಕ,” ಎಂದರು ಸಂಗಾತಿ. “ಜಾಗ ಇದೆ. ಅವನೇ ಆರಿಸಿದ್ದು. ಮರ ಇದೆ ಅಲ್ಲಿ.”

ಅಕ್ಕನ ಮಗಳು ಫೋಟೊವನ್ನು ಮೇಜಿನ ಮೇಲೆ ಅವರ ಕಡೆಗೆ ಸರಿಸಿದರು. “ನೀವು ಅವರನ್ನ ಚೆನ್ನಾಗಿ ನೋಡಿಕೊಂಡಿರಿ. ಅದಕ್ಕೆ ನಿಮಗೆ ಋಣಿ. ಆದರೆ ಮನೆಗೆ ಕರ್ಕೊಂಡು ಹೋಗ್ತೀನಿ.”

ವಕೀಲೆ ಎರಡು ಸಲ ಬೇರೆ ಬೇರೆ ಮಾತಿನಲ್ಲಿ ಕೇಳಿದರು. ಉತ್ತರ ಬದಲಾಗಲಿಲ್ಲ. ಆಮೇಲೆ ಅಕ್ಕನ ಮಗಳು, ತಮ್ಮ ಚರ್ಚಿನವರ ಸಹಾಯ ಪಡೆದು, ದೇಹವನ್ನು ಇಲಿನಾಯ್‌ಗೆ ಒಯ್ಯುವ ಕಾಗದಕ್ಕೆ ಸಹಿ ಹಾಕಿದರು. ಏಳುವ ಮುಂಚೆ ಸಂಗಾತಿ ಕೇಳಿದ್ದು ಒಂದೇ, ಬಟ್ಟೆ ಏನು ಹಾಕ್ತೀಯ ಅಂತ. ಇನ್ನೂ ಯೋಚಿಸಿಲ್ಲ ಎಂದರು ಅಕ್ಕನ ಮಗಳು.

“ನನ್ನ ಹತ್ತಿರ ಇದೆ,” ಎಂದರು ಸಂಗಾತಿ.

ಸೂಟನ್ನು ಶಿಕಾಗೋಗೆ ಒಯ್ದವಳು ನಾನು, ಹಿಂದಿನ ಸೀಟಿನ ಮೇಲಿನ ಕೊಕ್ಕೆಗೆ ತೂಗುಹಾಕಿ. ಪಕ್ಕದಲ್ಲಿ ಸಂಗಾತಿ. ಅರ್ಧ ದಾರಿಯ ಕಲಮಜೂ ದಾಟುವವರೆಗೆ ಆಕೆ ಹಿಂದಕ್ಕೆ ತಿರುಗಿ ತಿರುಗಿ ಸೂಟು ಸುಕ್ಕಾಗಿದೆಯೇ ಎಂದು ನೋಡುತ್ತಿದ್ದರು. ನನ್ನ ಕಾರಿನಲ್ಲಿ ಬರುವುದಕ್ಕೆ ಆಕೆ ಒಪ್ಪಿದ್ದು ಬೇರೆ ದಾರಿ ಇಲ್ಲದೆ.

ಸ್ಮಶಾನದಲ್ಲಿ ಹತ್ತು ಹನ್ನೆರಡು ಜನ ಇದ್ದರು. ಹೆಚ್ಚಿನವರು ಅಕ್ಕನ ಮಗಳ ಚರ್ಚಿನವರು, ಸತ್ತವರನ್ನು ಕಂಡರಿಯದವರು. ಗೇಟಿನಲ್ಲಿ ಪುಸ್ತಿಕೆ ಕೊಟ್ಟರು. ಅಭ್ಯಾಸದಂತೆ ನಾನು ಕೊನೆಯ ಪುಟ ತೆರೆದೆ. ಅಗಲಿದವರನ್ನು ಸ್ಮರಿಸುವವರು: ಅಕ್ಕನ ಮಗಳು, ಆಕೆಯ ಇಬ್ಬರು ಗಂಡುಮಕ್ಕಳು, ಮೊಮ್ಮಕ್ಕಳು, ಎಲ್ಲರ ಹೆಸರೂ ಪೂರ್ತಿ. ಅದರ ಕೆಳಗೆ, ಒಂದು ಸಾಲು ಬಿಟ್ಟು, ಸಂಗಾತಿಯ ಹೆಸರು. ಹೆಸರಿನ ಮುಂದೆ: ವಿಶೇಷ ಸ್ನೇಹಿತೆ.

ವಾಪಸು ಬರುವಾಗ ಆಕೆ ಆ ಪುಟವನ್ನು ಮಡಿಲಲ್ಲಿಟ್ಟುಕೊಂಡಿದ್ದರು.

“ನೂರು ವರ್ಷ ಆದಮೇಲೆ ನಿನ್ನಂಥವಳೊಬ್ಬಳು ಬಂದು ಇದನ್ನ ಪೆಟ್ಟಿಗೆಯಿಂದ ತೆಗೀತಾಳೆ. ಅಲ್ವಾ?”

“ತೆಗೆಯಬಹುದು.”

“ನನ್ನನ್ನ ಏನಂತ ಬರ್ಕೋತಾಳೆ?”

“ಇಲ್ಲಿ ಏನಿದೆಯೋ ಅದನ್ನ, ಮ್ಯಾಮ್.”

ಆಕೆ ಅದನ್ನು ಮಡಿಸಿ ಪರ್ಸಿನೊಳಗೆ ಹಾಕಿಕೊಂಡರು. ಮನೆ ಬಾಗಿಲಲ್ಲಿ ಇಳಿಯುವಾಗ ಒಳಗೆ ಬಾ ಎನ್ನಲಿಲ್ಲ. ಮತ್ತೆ ನನಗೆ ಫೋನ್ ಮಾಡಲಿಲ್ಲ.

ಚಾರ್ಟಿನ ಉಳಿದ ಸೊನ್ನೆಗಳನ್ನು ಆ ಬೇಸಿಗೆಯಲ್ಲಿ ಒಂದೊಂದಾಗಿ ಅಳಿಸಿ, ಗೆರೆ ಕೆಳಕ್ಕೆ ಮುಂದುವರಿಸಿದೆ. ಯಾರೂ ಕೇಳಿರಲಿಲ್ಲ. ಜಾರ್ಜಿಯಾದಲ್ಲಿ, ಒಹಾಯೋದಲ್ಲಿ ಜನ ಸಿಕ್ಕರು. ಚಾರ್ಟಿನ ಒಂದು ಪ್ರತಿಯನ್ನು ಅಕ್ಕನ ಮಗಳಿಗೆ ಅಂಚೆಯಲ್ಲಿ ಕಳಿಸಿದೆ. ಇನ್ನೊಂದನ್ನು ಸಂಗಾತಿಗೆ ಕಳಿಸಿದೆ. ಅದು ತೆರೆಯದೆ ವಾಪಸು ಬಂತು.

ಸಂಗಾತಿ 2011ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಒಡಹುಟ್ಟಿದ ತಮ್ಮ ಶವಾಗಾರಕ್ಕೆ ಹೋಗಿ ಸಹಿ ಹಾಕಿದರು, ಅದೇ ದಿನ ದೇಹ ಕೊಟ್ಟರು. ಮೇಪಲ್ ಮರದ ಕೆಳಗಿನ ಎರಡು ಜಾಗಗಳಲ್ಲಿ ಬಲಗಡೆಯದರಲ್ಲಿ ಅವರನ್ನು ಹೂಳಿದ್ದಾರೆ. ಎಡಗಡೆಯದು ಇನ್ನೂ ಫೌಂಡ್ರಿಯವರ ಹೆಸರಿನಲ್ಲಿದೆ. ನಾನು ಕೊನೆಯ ಸಲ ವಿಚಾರಿಸಿದಾಗ ಅದು ಖಾಲಿ ಇತ್ತು.